ಪಕ್ಕದ ಮನೆಯವರು ಇಳಿಸಿದ ಮೇನ್ ಸ್ವಿಚ್ಚು

"ಅತ್ತಿಗೇ! ಥೂ, ಅದರೊಳಗೆ ಏನ್ ಹುಡುಕ್ತಿದೀರಿ?"

ನನ್ನ ಕೈ ಮೊಣಕೈವರೆಗೆ ಕಸದ ಡಬ್ಬಿಯೊಳಗಿತ್ತು. ಬಾಗಿಲಲ್ಲಿ ನನ್ನ ಮೈದುನ ನಿಂತಿದ್ದ. ಮೈಮೇಲೆ ಇನ್‌ಸ್ಪೆಕ್ಟರ್ ಸಮವಸ್ತ್ರ, ಸೊಂಟದಲ್ಲಿ ಪಿಸ್ತೂಲು, ಮೂಗಿನ ಮೇಲೆ ಕರವಸ್ತ್ರ.

"ನಿನ್ನ ಕೆಲಸ ಮಾಡ್ತಿದೀನಪ್ಪ," ಎಂದೆ. "ಸಂಬಳ ನಿನಗೆ, ಗಬ್ಬು ನನಗೆ."

ಕೊಳೆತ ಸಿಪ್ಪೆ, ನೆನೆದ ಕಾಗದ, ಯಾರೋ ಕತ್ತರಿಸಿ ಎಸೆದ ಕಾಲುಗುರು. ನಾನು ವರ್ಷಗಟ್ಟಲೆ ವಿಮೆ ಕಂಪನಿಗಾಗಿ ಸುಳ್ಳು ಕ್ಲೇಮುಗಳನ್ನು ಹಿಡಿದುಕೊಟ್ಟು, ಆಮೇಲೆ ಸ್ವಂತ ಪತ್ತೇದಾರಿ ಕಚೇರಿ ತೆರೆದವಳು. ಕಸಕ್ಕೆ ಹೇಸುವವಳಲ್ಲ. ನನಗೆ ಹೇಸಿಗೆ ಬರುವುದು ಕಸ ಹಾಕಿದವರ ಮುಖ ನೋಡಿದಾಗ. ಈ ಕಟ್ಟಡಕ್ಕೆ ಕಾಲಿಟ್ಟಾಗಿನಿಂದ ಆ ಹೇಸಿಗೆ ಗಂಟಲಲ್ಲೇ ಕೂತಿದೆ.

ಮೊನ್ನೆ ಸಂಜೆ ಈ ವಸತಿ ಸಮುಚ್ಚಯದ ಮನೆಗಳೆಲ್ಲ, ವರ್ಷಕ್ಕೊಮ್ಮೆ ಊರೆಲ್ಲ ಮಾಡುವಂತೆ, ಪ್ರಕೃತಿ ಉಳಿಸಬೇಕೆಂದು ಒಟ್ಟಾಗಿ ಒಂದು ಗಂಟೆ ಕರೆಂಟು ಆರಿಸಿದ್ದವು. ಆ ಕತ್ತಲಲ್ಲಿ ಸಂಘದ ಅಧ್ಯಕ್ಷರ ಮನೆಯ ಕೆಲಸದವಳು ಕಾಣೆಯಾದಳು. ತಮ್ಮ ಚಿನ್ನದ ಸರವನ್ನೂ ಕದ್ದೊಯ್ದಳೆಂದು ಅಧ್ಯಕ್ಷರ ಹೆಂಡತಿ ದೂರು ಕೊಟ್ಟರು. ದೂರು ಮೈದುನನ ಮೇಜಿಗೆ ಹೋಯಿತು. ಕಾಣೆಯಾದವಳ ಅಕ್ಕ ಅಳುತ್ತ ನನ್ನ ಮೇಜಿಗೆ ಬಂದಳು.

ಅಕ್ಕ ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ತಂದೆತಾಯಿ ಇಲ್ಲ. ತಂಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ. "ಅವಳು ಕಳ್ಳಿ ಅಲ್ಲ ಮೇಡಂ. ಒಂದು ಸಲ ಆ ಹೆಸರು ಅಂಟ್ಕೊಂಡ್ರೆ ಹೋಗಲ್ಲ. ಪೊಲೀಸರ ಕೈಗೆ ಸಿಗೋ ಮುಂಚೆ ಅವಳನ್ನ ಹುಡುಕಿ ಕೊಡಿ," ಎಂದಿದ್ದಳು. ನಾನು ಹೂಂ ಎಂದಿದ್ದೆ.

"ನಿಮಗೆ ಸಂಜೆವರೆಗೆ ಬಿಟ್ಟಿದೀನಿ ಅತ್ತಿಗೆ," ಮೈದುನ ಕರವಸ್ತ್ರದೊಳಗಿನಿಂದಲೇ ಹೇಳಿದ. "ಆಮೇಲೆ ಅವಳ ಫೋಟೋ ಎಲ್ಲಾ ಠಾಣೆಗೂ ಹೋಗುತ್ತೆ. ಅಧ್ಯಕ್ಷರು ದಿನಕ್ಕೆ ಹತ್ತು ಸಲ ಮೇಲಿನವರಿಗೆ ಫೋನ್ ಮಾಡಿಸ್ತಿದಾರೆ. ನನ್ನ ಕಥೆ ನಿಮಗೆ ಗೊತ್ತಲ್ಲ."

"ಗೊತ್ತು. ಠಾಣೇಲಿ ಹುಲಿ, ಮೇಲಿನವರ ಮುಂದೆ ಇಲಿ. ಆ ಟಾರ್ಚ್ ಹಿಡಿ ಇಲ್ಲಿ."

ನಾನು ಹುಡುಕುತ್ತಿದ್ದದ್ದು ಬಾಗಿಲ ಚೌಕಟ್ಟಿನಿಂದ ಬಿಚ್ಚಿದ ಒಂದು ವಸ್ತುವನ್ನು. ಬೆಳಿಗ್ಗೆ ಅಧ್ಯಕ್ಷರ ಹೆಂಡತಿ ನನಗೆ ಕೆಲಸದವಳ ಕೋಣೆ ತೋರಿಸಿದ್ದರು. "ನೋಡಿ, ಬೇರೆಯವರ ಮನೇಲಿ ಅಡುಗೆಮನೆ ನೆಲದ ಮೇಲೆ ಮಲಗಿಸ್ತಾರೆ. ನಾವು ಸೆಪರೇಟ್ ರೂಮೇ ಕೊಟ್ಟಿದ್ವಿ," ಎಂದು ಹೆಮ್ಮೆ ಬೇರೆ. ಬಟ್ಟೆ ಒಗೆಯುವ ಯಂತ್ರದ ಹಿಂದೆ ಕಿಟಕಿಯಿಲ್ಲದ ಒಂದು ಗೂಡು. ಗೋಡೆಗೆ ಹೊಸ ಬಣ್ಣ. ಚೌಕಟ್ಟಿನ ಮೇಲ್ತುದಿಯಲ್ಲಿ ಮಾತ್ರ ಬಣ್ಣದಡಿ ಪುಟ್ಟಿ ತುಂಬಿದ ತೂತುಗಳು, ಬೆರಳಾಡಿಸಿದರೆ ಇನ್ನೂ ಮೆತ್ತಗಿದ್ದವು. ಹೊಸ ಬಣ್ಣ ಯಾಕೆ ಎಂದು ಕೇಳಿದ್ದಕ್ಕೆ, "ಇದು ಪರಿಸರಕ್ಕೆ ಹಾನಿ ಮಾಡದ ಬಣ್ಣ," ಎಂದರು. ನಾನು ಕೇಳಿದ್ದು ಅದಲ್ಲ.

ಹಸಿ ಕಸದ ಡಬ್ಬಿಯಲ್ಲಿ ಏನೂ ಇರಲಿಲ್ಲ. ಒಣ ಕಸದಲ್ಲೂ ಇಲ್ಲ. ಸೊಂಟ ಹಿಡಿದುಕೊಂಡು ಎದ್ದು ನಿಂತಾಗ ಗೋಡೆಯ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು. ‘ಎಲೆಕ್ಟ್ರಾನಿಕ್ ಕಸವನ್ನು ದಯವಿಟ್ಟು ಪ್ರತ್ಯೇಕವಾಗಿ ಹಾಕಿ. ಚೀಲದ ಮೇಲೆ ನಿಮ್ಮ ಮನೆ ನಂಬರು ಕಡ್ಡಾಯ.’ ಕೆಳಗೆ ಅಧ್ಯಕ್ಷರ ಸಹಿ.

"ಇರಲಾರದು," ಎಂದೆ. "ಅಷ್ಟು ದಡ್ಡ ಇರಲಾರ."

ಇದ್ದ. ಸತ್ತ ಮೊಬೈಲು, ತುಂಡಾದ ಚಾರ್ಜರುಗಳ ನಡುವೆ ಒಂದು ಬಟ್ಟೆ ಚೀಲ. ಅದರ ಮೇಲೆ ಅಧ್ಯಕ್ಷರ ಮನೆಯ ನಂಬರು, ಚೆಂದದ ಅಕ್ಷರದಲ್ಲಿ. ಒಳಗೆ ಗೇಣುದ್ದದ ಭಾರವಾದ ಅಲ್ಯೂಮಿನಿಯಂ ಪಟ್ಟಿ, ಅದರ ಜೋಡಿ ಉಕ್ಕಿನ ತಟ್ಟೆ, ಸುತ್ತಿಟ್ಟ ವೈರು. ಮೂಲೆಗಳಲ್ಲಿ ಚೌಕಟ್ಟಿನ ಹಳೆಯ ಬಣ್ಣ ಇನ್ನೂ ಅಂಟಿಕೊಂಡಿತ್ತು.

"ಇದು ನಮ್ಮ ಆಫೀಸಲ್ಲೂ ಇದೆಯಲ್ಲ," ಮೈದುನ ಬಗ್ಗಿ ನೋಡಿದ. "ಮ್ಯಾಗ್ನೆಟ್ ಲಾಕು."

"ಹೌದು. ಕರೆಂಟು ಇರೋವರೆಗೆ ಆನೆ ಎಳೆದ್ರೂ ಬಾಗಿಲು ಬಿಡಲ್ಲ. ಕರೆಂಟು ಹೋಯ್ತೋ, ಮಗು ತಳ್ಳಿದ್ರೂ ತೆರೆಯುತ್ತೆ."

ಅವನ ಮೂಗಿನ ಮೇಲಿನ ಕರವಸ್ತ್ರ ಕೆಳಗಿಳಿಯಿತು. "ಅಂದ್ರೆ ಅವಳನ್ನ ಒಳಗೆ…"

"ಕೂಡಿ ಹಾಕಿದ್ರು."

ಕೊಳೆತ ಸಿಪ್ಪೆಗೆ ಬಾರದ ವಾಕರಿಕೆ ಆ ಚೆಂದದ ಅಕ್ಷರಕ್ಕೆ ಬಂತು. ಒಬ್ಬ ಹೆಣ್ಣನ್ನು ಕಿಟಕಿಯಿಲ್ಲದ ಗೂಡಿಗೆ ಹಾಕಿ ಬೀಗ ಜಡಿಯಲು ಆ ಮನುಷ್ಯ ಹಿಂದೆಮುಂದೆ ನೋಡಲಿಲ್ಲ. ಆದರೆ ಆ ಬೀಗವನ್ನು ತಪ್ಪು ಡಬ್ಬಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಬೇರೆ ಯಾವ ಕಳ್ಳನಾದರೂ ಇದನ್ನು ದಾರಿಯಲ್ಲಿ ಯಾವುದಾದರೂ ಚರಂಡಿಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದ.

ಕಸದ ಕೋಣೆಯ ಪಕ್ಕದಲ್ಲೇ ಮೀಟರ್ ಕೋಣೆ. ಅಧ್ಯಕ್ಷರ ಪಕ್ಕದ ಮನೆಯ ಹಲ್ಲಿನ ಡಾಕ್ಟರನ್ನು ಅಲ್ಲಿಗೆ ಬರಹೇಳಿದ್ದೆ. ಗೋಡೆಯುದ್ದಕ್ಕೂ ಮನೆಗೊಂದರಂತೆ ಮೇನ್ ಸ್ವಿಚ್ಚುಗಳು, ಪ್ರತಿಯೊಂದರ ಪಕ್ಕ ಎರಡು ಮನೆಗಳ ನಂಬರು.

"ಎರಡು ಯಾಕೆ ಡಾಕ್ಟ್ರೇ?"

"ಒಂದು ಯಾರ ಮನೆ ಅಂತ, ಇನ್ನೊಂದು ಯಾರು ಇಳಿಸಬೇಕು ಅಂತ." ಡಾಕ್ಟರು ದುಂಡಗಿನ ಖುಷಿ ಮನುಷ್ಯ, ಮಾತಿಗೆ ಸಿಕ್ಕರೆ ಬಿಡುವವರಲ್ಲ. "ಮೊದಲನೇ ವರ್ಷ ಏನಾಯ್ತು ಅಂದ್ರೆ ಮೇಡಂ, ಎಲ್ಲರೂ ದಪ್ಪ ಪರದೆ ಎಳ್ಕೊಂಡು ಒಳಗೆ ಟಿವಿ ನೋಡ್ತಿದ್ರು. ಆಮೇಲೆ ಹೊರಗೆ ಬಂದು ‘ಅಬ್ಬಾ, ನಕ್ಷತ್ರ ಎಷ್ಟು ಚೆನ್ನಾಗಿ ಕಾಣ್ತಿತ್ತು’ ಅಂತಿದ್ರು. ನಾನೂ ಅಂದಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅದಕ್ಕೇ ಅಧ್ಯಕ್ಷರು ರೂಲ್ ಮಾಡಿದ್ರು. ನಿಮ್ಮ ಮನೆ ಸ್ವಿಚ್ಚು ನೀವು ಮುಟ್ಟೋ ಹಾಗಿಲ್ಲ. ಪಕ್ಕದ ಮನೆಯವರೇ ಇಳಿಸಬೇಕು, ಗಂಟೆ ಮುಗಿದ ಮೇಲೆ ಅವರೇ ಏರಿಸಬೇಕು."

"ಇನ್ವರ್ಟರು, ಬ್ಯಾಟರಿ?"

"ಅಯ್ಯೋ, ಇಲ್ಲಿ ಇನ್ವರ್ಟರ್ ಇಟ್ಕೊಂಡೋರನ್ನ ಮದ್ಯ ಮಾರೋರ ಹಾಗೆ ನೋಡ್ತಾರೆ. ಅಧ್ಯಕ್ಷರು ಮೊದಲು ತಮ್ಮ ಮನೇದನ್ನೇ ಎಲ್ಲರ ಮುಂದೆ ಕಿತ್ತು ಹೊರಗೆ ಹಾಕಿಸಿದ್ರು. ಫೋಟೋ ಎಲ್ಲಾ ತೆಗೆದ್ರು."

ಮೈದುನ ನನ್ನನ್ನು ನೋಡಿದ. ನಾನು ಡಾಕ್ಟರನ್ನು ನೋಡಿದೆ.

"ಮೊನ್ನೆ ಅಧ್ಯಕ್ಷರ ಮನೆ ಸ್ವಿಚ್ಚು ನೀವೇ ಇಳಿಸಿದ್ರಾ?"

"ನಾನೇ. ಅದೊಂದು ತಮಾಷೆ ಮೇಡಂ. ಮಧ್ಯಾಹ್ನ ಬಂದು ಬಾಗಿಲು ತಟ್ಟಿದ್ರು. ‘ಡಾಕ್ಟ್ರೇ, ಈ ಸಲ ನಮ್ಮನೇದು ಬಿಟ್ಬಿಡಿ, ಫ್ರಿಜ್ಜಲ್ಲಿ ಔಷಧಿ ಇದೆ’ ಅಂದ್ರು. ‘ಬಾಗಿಲು ತೆಗೀದೆ ಇದ್ರೆ ಒಂದು ಗಂಟೇಲಿ ಫ್ರಿಜ್ಜಿಗೆ ಏನೂ ಆಗಲ್ಲ ಸಾರ್, ನಂದೂ ಔಷಧಿ ಇದೆ’ ಅಂದೆ. ‘ಅಲ್ಲ, ಕಂಪ್ಯೂಟರ್ ಕೆಲಸ ಇದೆ’ ಅಂದ್ರು. ‘ಅಲ್ಲ, ಮನೆಯವರಿಗೆ ಕತ್ತಲೆ ಭಯ’ ಅಂದ್ರು. ನಾನು ನಕ್ಕುಬಿಟ್ಟೆ. ನಾನು ರೂಲ್ ಮುರೀತೀನಾ ಅಂತ ಪರೀಕ್ಷೆ ಮಾಡ್ತಿದಾರೆ ಅನ್ಕೊಂಡೆ."

"ಇಳಿಸಿದ್ರಿ."

"ಎಲ್ಲರ ಮುಂದೆ! ವೇದಿಕೆ ಈ ಬಾಗಿಲ ಎದುರಿಗೇ ಇತ್ತು. ಅಧ್ಯಕ್ಷರು ಮೈಕಲ್ಲಿ ‘ಈಗ’ ಅಂದ ತಕ್ಷಣ ಎಲ್ರೂ ಟಕಟಕ ಅಂತ ಇಳಿಸಿದ್ವಿ. ನಾನು ಅವರ ಸ್ವಿಚ್ಚು ಇಳಿಸಿ, ‘ಆಯ್ತು ಸಾರ್, ನಿಮ್ಮನೇದೂ ಆಯ್ತು’ ಅಂತ ಕೂಗಿದೆ. ಜನ ಚಪ್ಪಾಳೆ ಹೊಡೆದ್ರು. ಅವರು ಮಾತ್ರ ಅರಿವಳಿಕೆ ಕೊಡದೆ ಹಲ್ಲು ಕೀಳಿಸ್ಕೊಂಡೋರ ಹಾಗೆ ನಿಂತಿದ್ರು. ಗಂಟೆ ಮುಗಿಯೋವರೆಗೆ ಯಾರೂ ಮೇಲೆ ಹೋಗೋ ಹಾಗಿಲ್ಲ ಅನ್ನೋದೂ ಅವರದೇ ರೂಲು, ಪಾಪ." ಡಾಕ್ಟರ ನಗು ಸ್ವಲ್ಪ ಇಳಿಯಿತು. "ಯಾಕೆ ಮೇಡಂ? ನಾನೇನಾದ್ರೂ ತಪ್ಪು ಮಾಡಿದ್ನಾ?"

"ನೀವು ಈ ವರ್ಷ ಮಾಡಿದ ಒಳ್ಳೆ ಕೆಲಸ ಅದೊಂದೇ ಇರಬೇಕು. ಹೋಗಿ, ರೋಗಿಗಳು ಕಾಯ್ತಿರ್ತಾರೆ."

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ದೀಪ ಆರಿಸುವುದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಮೊನ್ನೆ ನನ್ನ ಮನೆಯಲ್ಲೂ ಆರಿಸಿ, ಮೆಟ್ಟಿಲ ಮೇಲೆ ಕೂತು ಸೊಳ್ಳೆ ಹೊಡೆಯುತ್ತಿದ್ದೆ. ಊರು ಒಂದು ಗಂಟೆ ಸುಮ್ಮನಾದದ್ದು ಹಿತವಾಗಿಯೇ ಇತ್ತು. ನನ್ನ ತಕರಾರು ಇಂಥವರ ಮೇಲೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಗೇಟಿನ ಹತ್ತಿರ ಅಕ್ಕ ಕಾಯುತ್ತಿದ್ದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯುವುದನ್ನೇ ಮರೆತಿದ್ದಳು. ಲಿಫ್ಟಿನ ಮುಂದೆ ಹೋದರೆ ಅಲ್ಲೊಂದು ಬೋರ್ಡು: ‘ವಿದ್ಯುತ್ ಉಳಿಸೋಣ. ಮನೆಕೆಲಸದವರು ಮೆಟ್ಟಿಲು ಬಳಸಬೇಕು.’

"ನಾನು ಮೆಟ್ಟಿಲಲ್ಲೇ ಬರ್ತೀನಿ ಮೇಡಂ," ಎಂದಳು ಅಕ್ಕ.

"ಸುಮ್ನೆ ಹತ್ತು," ಎಂದು ಅವಳ ತೋಳು ಹಿಡಿದು ಲಿಫ್ಟಿನೊಳಗೆ ಎಳೆದುಕೊಂಡೆ. ಪ್ರಕೃತಿ ಉಳಿಸುವ ಭಾರವೆಲ್ಲ ಕೆಲಸದವರ ಮೊಣಕಾಲಿನ ಮೇಲೆ ಬಿದ್ದಿದೆಯಲ್ಲ, ಛೀ.

ಮೇಲೆ ಹೋಗುವಷ್ಟರಲ್ಲಿ ಬೀಗದ ವಿಷಯ ಅವಳಿಗೆ ಹೇಳಿದೆ. ಅವಳು ಗೋಡೆಗೆ ಒರಗಿದಳು.

"ಇಷ್ಟು ತಿಂಗಳಿಂದ ಮನೆಗೇ ಬಂದಿರಲಿಲ್ಲ ಮೇಡಂ. ಫೋನ್ ಮಾಡಿದ್ರೆ ‘ಚೆನ್ನಾಗಿದೀನಿ ಅಕ್ಕ, ತುಂಬಾ ಕೆಲಸ’ ಅಂತಿದ್ಲು. ಪಕ್ಕದಲ್ಲಿ ಯಾರೋ ಉಸಿರಾಡೋದು ಕೇಳಿಸ್ತಿತ್ತು. ನಾನು ಪೆದ್ದಿ, ದೊಡ್ಡ ಮನೇಲಿ ಕೆಲಸ, ಹೊಂದ್ಕೊಂಡಿದಾಳೆ ಅಂತ ಸುಮ್ನಿದ್ದೆ." ಮತ್ತೆ ಕಣ್ಣೊರೆಸಿಕೊಂಡು ಕೇಳಿದಳು, "ಬಾಗಿಲು ತೆರೀತು ಅಂದ್ರೆ, ನನ್ನ ಹತ್ರ ಯಾಕೆ ಬರ್ಲಿಲ್ಲ?"

"ಇವರು ಮೊದಲು ನಿನ್ನ ಅಂಗಡಿಗೇ ಬರ್ತಾರೆ ಅಂತ ಗೊತ್ತಿರುತ್ತೆ ಅವಳಿಗೆ," ಎಂದ ಮೈದುನ. ಪೆದ್ದನಲ್ಲ ಅವನು, ಪುಕ್ಕಲ ಅಷ್ಟೆ.

ಅಧ್ಯಕ್ಷರೇ ಬಾಗಿಲು ತೆರೆದರು. ನರೆತ ಗಡ್ಡ, ಖಾದಿ ಅಂಗಿ, ಮೆತ್ತನೆಯ ದನಿ. ಹಟ್ಟಹಗಲಲ್ಲಿ ಹಜಾರದ ದೀಪಗಳೆಲ್ಲ ಉರಿಯುತ್ತಿದ್ದವು. ಗೋಡೆ ತುಂಬ ಅವರದೇ ಫೋಟೋ: ಸಸಿ ನೆಡುವ ಅಧ್ಯಕ್ಷರು, ಸಸಿಗೆ ನೀರೆರೆಯುವ ಅಧ್ಯಕ್ಷರು, ಮೇಣದಬತ್ತಿ ಹಿಡಿದು ಆಕಾಶ ನೋಡುವ ಅಧ್ಯಕ್ಷರು.

ಅಕ್ಕ ಸೋಫಾದ ಅಂಚಿಗೆ ಕೂರಲು ಹೋದಳು. ಅಧ್ಯಕ್ಷರ ಹೆಂಡತಿ "ಒಂದ್ನಿಮಿಷ" ಎಂದು ಓಡಿಬಂದು ಅವಳ ಕೆಳಗೆ ಹಳೆ ಪೇಪರು ಹಾಸಿದರು. ಅಕ್ಕ ಕೂರಲಿಲ್ಲ. ನಾನು ಆ ಪೇಪರು ಉಂಡೆ ಕಟ್ಟಿ ಕೆಳಗೆಸೆದು ಅವಳನ್ನು ಕೂರಿಸಿದೆ.

"ಏನಾದರೂ ಸುಳಿವು ಸಿಕ್ಕಿತಾ ಇನ್‌ಸ್ಪೆಕ್ಟರೇ?" ಅಧ್ಯಕ್ಷರು ಕೇಳಿದರು. "ನಮಗೆ ಸರ ಮುಖ್ಯ ಅಲ್ಲ. ಅವಳು ನಮ್ಮ ಮನೆಮಗಳ ಹಾಗಿದ್ದಳು. ನಂಬಿಕೆಗೆ ಪೆಟ್ಟು ಬಿತ್ತಲ್ಲ, ಅದೇ ನೋವು."

ನಾನು ಚೀಲದಿಂದ ಬೀಗ ತೆಗೆದು ಅವರ ಗಾಜಿನ ಮೇಜಿನ ಮೇಲೆ ಇಟ್ಟೆ. ಮೆತ್ತಗೆ ಇಡಬಹುದಿತ್ತು, ಇಡಲಿಲ್ಲ.

"ಇದೇನಿದು?" ಎಂದರು.

"ನೀವೇ ಹೇಳಿ."

"ನನಗೇನು ಗೊತ್ತು? ಆಫೀಸಿನ ಬಾಗಿಲಿಗೆ ಹಾಕೋ ಥರ ಇದೆ."

ಅವರ ಹೆಂಡತಿಯ ಕಣ್ಣು ಒಗೆಯುವ ಯಂತ್ರದ ಕಡೆಯ ಬಾಗಿಲಿಗೆ ಹೋಗಿ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಬಾರಪ್ಪ," ಎಂದು ಮೈದುನನನ್ನು ಆ ಗೂಡಿನತ್ತ ಕರೆದೊಯ್ದೆ. ಬೀಗವನ್ನು ಎತ್ತಿ ಚೌಕಟ್ಟಿಗೆ ಹಿಡಿದೆ. ಅವನು ಕೀಲಿಕೈಯ ತುದಿಯಿಂದ ಪುಟ್ಟಿ ಕೆದಕಿದ. ಬೀಗದ ತೂತು, ಚೌಕಟ್ಟಿನ ತೂತು, ಒಂದಕ್ಕೊಂದು ಕೂತವು.

"ಒಳಗೆ ಹೋಗು."

ಅವನು ಒಳಗೆ ಹೋದ. ನಾನು ಬಾಗಿಲು ಮುಚ್ಚಿ ಕಾಲು ಕೊಟ್ಟು ನಿಂತೆ.

"ಅತ್ತಿಗೆ, ಹಿಡಿ ಎಲ್ಲಿದೆ? ಒಳಗಡೆ ಹಿಡಿನೇ ಇಲ್ಲ." ಒಳಗಿನಿಂದ ಗೋಡೆ ತಡವುವ ಸದ್ದು. "ಸ್ವಿಚ್ಚೂ ಸಿಗ್ತಿಲ್ಲ. ಏನೂ ಕಾಣ್ತಿಲ್ಲ ಇಲ್ಲಿ. ಅತ್ತಿಗೆ, ತೆಗೀರಿ. ತೆಗೀರಿ ಅಂದ್ನಲ್ಲ!"

ತೆಗೆದೆ. ಅವನ ಹಣೆಯಲ್ಲಿ ಬೆವರು. ನಾನು ಹೊರಗೋಡೆಯ ಸ್ವಿಚ್ಚು ಒತ್ತಿದೆ, ಗೂಡಿನೊಳಗಿನ ದೀಪ ಹತ್ತಿತು.

"ದೀಪದ ಸ್ವಿಚ್ಚು ಹೊರಗೆ ಯಾಕೆ?" ಮೈದುನ ಅಧ್ಯಕ್ಷರನ್ನು ಕೇಳಿದ. ಈಗ ಅವನ ದನಿಯಲ್ಲಿ ‘ಸಾರ್’ ಇರಲಿಲ್ಲ.

"ಅನಗತ್ಯವಾಗಿ ಉರಿಸ್ತಿದ್ದಳು," ಎಂದರು ಅಧ್ಯಕ್ಷರು. "ಎಷ್ಟು ಹೇಳಿದರೂ ಆರಿಸುತ್ತಿರಲಿಲ್ಲ. ವಿದ್ಯುತ್ತಿನ ಬೆಲೆ ಈ ಜನಕ್ಕೆ ಗೊತ್ತಾಗಲ್ಲ…"

ತಾವು ಏನು ಹೇಳುತ್ತಿದ್ದೇವೆಂದು ಅವರಿಗೇ ಹೊಳೆದು ಅಲ್ಲಿಗೆ ನಿಲ್ಲಿಸಿದರು. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡರು. ನನಗೆ ಆ ಗಡ್ಡ ಹಿಡಿದು ಎಳೆಯಬೇಕೆನಿಸಿತು.

ಅಕ್ಕ ನಮ್ಮನ್ನು ದಾಟಿ ಗೂಡಿನೊಳಗೆ ಹೋದಳು. ಕೈಚಾಚಿದರೆ ಎರಡೂ ಗೋಡೆ ಸಿಗುವಷ್ಟು ಜಾಗ. ತಂಗಿ ಮಲಗುತ್ತಿದ್ದ ನೆಲದ ಮೇಲೆ ಅಂಗೈಯಿಟ್ಟು ಕೂತಳು. ಅತ್ತರೆ ಚೆನ್ನಾಗಿತ್ತು, ಅಳಲಿಲ್ಲ.

"ನಾನು ಇವಳನ್ನ ಒಂದು ಸಲನೂ ಕತ್ತಲೆ ಕೋಣೆಗೆ ಹಾಕಿ ಹೆದರಿಸಿರ್ಲಿಲ್ಲ," ಎಂದಳು. "ಎಷ್ಟು ತುಂಟತನ ಮಾಡಿದ್ರೂ."

"ಅವಳ ಸುರಕ್ಷತೆಗೇ ಮಾಡಿದ್ದು," ಅಧ್ಯಕ್ಷರು ಮೆತ್ತನೆಯ ದನಿಯನ್ನು ಮತ್ತೆ ಹುಡುಕಿಕೊಂಡರು. "ಹೊರಗಿನ ಪ್ರಪಂಚ ಹೇಗಿದೆ ನಿಮಗೆ ಗೊತ್ತು. ವಯಸ್ಸಿನ ಹುಡುಗಿ…"

"ಸಾಕು ನಿಲ್ಸಿ," ಎಂದೆ. "ನಿಮ್ಮ ಬಾಯಿಂದ ಇನ್ನೊಂದು ಒಳ್ಳೆ ಮಾತು ಬಂದ್ರೆ ನಾನು ಇಲ್ಲೇ ವಾಂತಿ ಮಾಡ್ಕೋತೀನಿ. ನೀವೇ ಮಾಡಿದ ರೂಲಿನಿಂದ ನಿಮ್ಮ ಪಕ್ಕದ ಮನೆಯವರು ನಿಮ್ಮ ಸ್ವಿಚ್ಚು ಇಳಿಸಿದ್ರು. ಬೀಗ ಬಿಟ್ಟಿತು, ಅವಳು ಎದ್ದು ಹೋದ್ಲು. ಓಡಿಹೋದವಳು ಬಾಯಿ ಬಿಟ್ರೆ ನಿಮ್ಮ ಬಂಡವಾಳ ಬಯಲಾಗುತ್ತೆ. ಅದಕ್ಕೇ ಅವಳ ತಲೆ ಮೇಲೆ ಕಳ್ಳತನ ಹೊರಿಸಿದ್ರಿ, ಪೊಲೀಸರೇ ಹಿಡಿದು ತರ್ಲಿ ಅಂತ. ಎಲ್ಲಿದೆ ಸರ?"

ಅಧ್ಯಕ್ಷರು ಗಡ್ಡ ಸವರಿಕೊಂಡರು.

"ಮನೆ ಸರ್ಚ್ ಮಾಡಿಸ್ಲಾ?" ಎಂದ ಮೈದುನ.

ಅಧ್ಯಕ್ಷರು ಸೋಫಾ ಮೇಲೆ ಕುಸಿದರು. "ಬೇಡ. ಸರ… ಸರ ಬ್ಯಾಂಕ್ ಲಾಕರಿನಲ್ಲಿದೆ. ದೂರು ವಾಪಸ್ ತಗೋತೀವಿ. ಇಲ್ಲಿಗೆ ಮುಗಿಸೋಣ ಇನ್‌ಸ್ಪೆಕ್ಟರೇ. ಹೊರಗೆ ಗೊತ್ತಾದರೆ ಇಡೀ ಅಭಿಯಾನಕ್ಕೇ ಕೆಟ್ಟ ಹೆಸರು. ಎಷ್ಟು ಮನೆಗಳು ನಮ್ಮನ್ನು ನೋಡಿ ದೀಪ ಆರಿಸುತ್ತಿವೆ ಯೋಚಿಸಿ."

ಅಕ್ಕ ಗೂಡಿನಿಂದ ಎದ್ದು ಬಂದಳು. ಎರಡು ದಿನದಿಂದ ಮೊದಲ ಬಾರಿಗೆ ಅವಳ ಭುಜ ಸಡಿಲವಾಗಿತ್ತು. "ಹಾಗಾದ್ರೆ ನನ್ನ ತಂಗಿ ಏನೂ ಕದ್ದಿಲ್ಲ," ಎಂದಳು. "ನೀವೇ ಹೇಳಿದ್ರಿ. ಏನೂ ಕದ್ದಿಲ್ಲ."

"ಕದ್ದಿದಾಳೆ!"

ಕಿರುಚಿದ್ದು ಅಧ್ಯಕ್ಷರ ಹೆಂಡತಿ. ಇಷ್ಟು ಹೊತ್ತು ಗೋಡೆಗೆ ಅಂಟಿಕೊಂಡಿದ್ದವರು ಈಗ ಅಕ್ಕನ ಮುಖದ ಹತ್ತಿರಕ್ಕೆ ಬಂದಿದ್ದರು.

"ಸುಮ್ನಿರೇ," ಎಂದರು ಅಧ್ಯಕ್ಷರು. "ಒಳಗೆ ಹೋಗು ನೀನು."

"ಯಾಕೆ ಸುಮ್ನಿರಲಿ? ಸರ ಹೋದ್ರೆ ಹಾಳಾಗ್ಹೋಗ್ಲಿ, ಇನ್ನೊಂದು ಮಾಡಿಸ್ಕೋತಿದ್ದೆ. ನನ್ನ ಮಗುನ ಎತ್ಕೊಂಡು ಹೋಗಿದಾಳೆ ಆ ಕಳ್ಳಿ! ನನ್ನ ಮಗುನ!"

ನಾನು ಈ ಕೆಲಸಕ್ಕೆ ಬಂದು ತಲೆ ನರೆತಿದೆ. ಆದರೂ ಆ ಮಾತು ಅರ್ಥವಾಗಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು.

"ಮಗುನಾ?" ಅಕ್ಕ ಕೇಳಿದಳು. "ಯಾರ ಮಗು?"

"ನಂದು. ಕ್ಲಿನಿಕ್ಕಲ್ಲಿ ತಾಯಿ ಅಂತ ನನ್ನ ಹೆಸರೇ ಇದೆ, ಹೋಗಿ ನೋಡ್ಕೊಳ್ಳಿ. ಎಲ್ಲಾ ಸರಿಯಾಗಿ ಮಾಡಿಸಿದೀವಿ." ಅವರ ಉಸಿರು ಏರುತ್ತಿತ್ತು. "ಹುಟ್ಟಿ ಇನ್ನೂ ವಾರ ಆಗಿಲ್ಲ ಅದಕ್ಕೆ. ಎದೆಹಾಲು ಇನ್ನೊಂದಷ್ಟು ದಿನ ಕುಡಿದ್ರೆ ಒಳ್ಳೇದು ಅಂದ್ರು ಕ್ಲಿನಿಕ್ಕಿನ ಡಾಕ್ಟರು. ಅದಕ್ಕೇ ಅವಳನ್ನ ಇಟ್ಕೊಂಡಿದ್ದು, ಅದಕ್ಕೇ ಮೊನ್ನೆ ಮಗುನ ಅವಳ ಹತ್ರ ಬಿಟ್ಟು ಕೆಳಗೆ ಹೋಗಿದ್ದು. ಇಲ್ದಿದ್ರೆ ಹೆರಿಗೆ ಆದ ದಿನವೇ ಕಳಿಸಿಬಿಡ್ತಿದ್ದೆ!"

ನನಗೆ ಆ ಕೋಣೆಯ ಗಾಳಿಯೇ ಬೇಡವಾಯಿತು. ಹಾಲಿಗಾಗಿ ಹಸು ಕಟ್ಟುವವನೂ ಅದರ ಮೈ ಸವರುತ್ತಾನೆ, ಅದಕ್ಕೆ ಬೆಳಕಿರುವ ಕಡೆ ಜಾಗ ಕೊಡುತ್ತಾನೆ. ಬಾಣಂತಿಯನ್ನು ಕತ್ತಲ ಗೂಡಿನಲ್ಲಿಟ್ಟು, ಹಿಡಿಯಿಲ್ಲದ ಬಾಗಿಲು ಹಾಕಿ, ಕೆಳಗೆ ಹೋಗಿ ಭೂಮಿಯ ಮೇಲಿನ ಪ್ರೀತಿಯ ಬಗ್ಗೆ ಮೈಕಿನಲ್ಲಿ ಮಾತಾಡುತ್ತಿದ್ದರು ಈ ಜನ. ಥೂ!

ಅಕ್ಕ ಅಧ್ಯಕ್ಷರ ಕಡೆ ತಿರುಗಿದಳು. ಗಟ್ಟಿ ದನಿಯಲ್ಲಲ್ಲ, ಗಿರಾಕಿಯ ಹತ್ತಿರ ಅಳತೆ ಕೇಳುವಷ್ಟೇ ಮೆಲ್ಲಗೆ ಕೇಳಿದಳು.

"ಅಪ್ಪ ಯಾರು?"

ಅಧ್ಯಕ್ಷರು ಕಾಲ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. ಅವರ ಹೆಂಡತಿ ಅವರನ್ನು ನೋಡುತ್ತಿದ್ದರು. ಉತ್ತರಕ್ಕೆ ಅಷ್ಟೇ ಸಾಕಾಯಿತು.

"ಇನ್‌ಸ್ಪೆಕ್ಟರೇ, ಬರ್ಕೊಳ್ಳಿ," ಎಂದರು ಹೆಂಡತಿ. "ಸರದ ದೂರು ಬೇಡ. ಮಗು ಕದ್ದ ದೂರು ಬರ್ಕೊಳ್ಳಿ. ನನ್ನ ಮಗು ನನಗೆ ಬೇಕು."

ನಾನು ಮೈದುನನ ತೋಳು ಹಿಡಿದು ಪಕ್ಕಕ್ಕೆ ಎಳೆದೆ. "ಇವರಿಬ್ಬರನ್ನೂ ಈಗಲೇ ಜೀಪಿಗೆ ಹಾಕು."

"ಹಾಕ್ತೀನಿ. ಕೂಡಿ ಹಾಕಿದ್ದಕ್ಕೆ, ಸುಳ್ಳು ದೂರು ಕೊಟ್ಟಿದ್ದಕ್ಕೆ, ಎರಡಕ್ಕೂ ಹಾಕ್ತೀನಿ." ಅವನು ನನ್ನ ಕಣ್ಣು ತಪ್ಪಿಸಿದ. "ಆದ್ರೆ ಅತ್ತಿಗೆ, ಸರ ಕದ್ದವಳು ಅಂದಿದ್ರೆ ನಾನು ಇವತ್ತೇ ಕೈ ಬಿಡ್ತಿದ್ದೆ. ಮಗು ಅಂದ ಮೇಲೆ ಬಿಡೋಕಾಗಲ್ಲ. ಕಾಗದದ ಪ್ರಕಾರ ಅವಳು ಬೇರೆಯವರ ಮಗು ಎತ್ಕೊಂಡು ಹೋದವಳು. ಅದು ಸುಳ್ಳು ಅಂತ ಸಾಬೀತಾಗೋವರೆಗೆ ಅವಳು ಸಿಕ್ಕಿದ್ರೆ ಒಳಗೆ ಹಾಕಬೇಕು, ಮಗುನ ಈ ಹೆಂಗಸಿನ ಕಡೆಯವರ ಕೈಗೆ ಕೊಡಬೇಕಾಗಬಹುದು."

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದಳು.

"ಮೇಡಂ, ನಾನು ನಿಮ್ಮ ಹತ್ರ ಬಂದಿದ್ದು ಅವಳನ್ನ ಹುಡುಕಿ ಕೊಡಿ ಅಂತ."

"ಹೂಂ, ಹುಡುಕ್ತೀನಿ."

"ಬೇಡ," ಎಂದಳು. "ಹುಡುಕಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಎಲ್ಲಿದಾಳೋ ಅಲ್ಲೇ ಇರ್ಲಿ. ಮಗು ಅವಳ ಹತ್ರ ಇರ್ಲಿ. ನಾನು ನೋಡ್ದೇ ಇದ್ರೂ ಪರವಾಗಿಲ್ಲ."

ಅಷ್ಟರಲ್ಲಿ ಮೈದುನನ ಫೋನು ರಿಂಗಾಯಿತು. ಅವನು ಕಿವಿಗಿಟ್ಟು ಕೇಳಿದ, ಮುಖ ಕಪ್ಪಿಟ್ಟಿತು. ಅಕ್ಕನಿಗೆ ಬೆನ್ನು ತಿರುಗಿಸಿ ನಿಂತ.

"ಅತ್ತಿಗೆ, ನನ್ನ ಮೇಲೆ ಕೂಗಾಡಬೇಡಿ. ಮಧ್ಯಾಹ್ನವೇ ಫೋಟೋ ಕಳಿಸಿಬಿಟ್ಟಿದ್ದೆ. ಮೇಲಿನಿಂದ ಒತ್ತಡ ಇತ್ತು."

"ಸಂಜೆವರೆಗೆ ಅಂದಿದ್ಯಲ್ಲೋ, ನಾಚಿಕೆಗೆಟ್ಟವನೆ!"

"ಸಿಕ್ಕಿದಾಳಂತೆ. ರೈಲ್ವೆ ಸ್ಟೇಷನ್ನಲ್ಲಿ, ಹೆಂಗಸರ ವೇಟಿಂಗ್ ರೂಮಲ್ಲಿ."

ಅಕ್ಕ ಸದ್ದಿಲ್ಲದೆ ನೆಲದ ಮೇಲೆ ಕೂತುಬಿಟ್ಟಳು. ಅಧ್ಯಕ್ಷರ ಹೆಂಡತಿ ಎರಡು ಕೈಯನ್ನೂ ಎದೆಗೊತ್ತಿಕೊಂಡು ಮುಂದೆ ಬಂದರು. "ಮಗು ಹೇಗಿದೆ? ಹಾಲು ಕುಡೀತಿದೆಯಾ ಕೇಳಿ!"

ಮೈದುನ ಫೋನಿನಲ್ಲಿ ಕೇಳಿದ. ಉತ್ತರ ಬಂದ ಮೇಲೆ ಇನ್ನೊಮ್ಮೆ ಕೇಳಿದ. ಆಮೇಲೆ ಫೋನನ್ನು ಕಿವಿಯಿಂದ ಇಳಿಸಿ ನನ್ನ ಕಡೆ ನೋಡಿದ.

"ಒಬ್ಬಳೇ ಇದಾಳಂತೆ ಅತ್ತಿಗೆ. ಮಗು ಎಲ್ಲಿ ಅಂತ ಕೇಳಿದ್ರೆ, ‘ಯಾವ ಮಗು?’ ಅಂತಿದಾಳಂತೆ."